ಬಾಯ್ಲರ್ ನೀರು ಯಾವ ಕಡೆಯಿಂದ ಒಳಗೆ ಬರಬೇಕು

ಜಪಾನಿನ ಹಳೆಯ ಮರದ ಮನೆಗಳಲ್ಲಿ ಚಳಿಗಾಲ ಹೊರಗೆ ನಿಂತು ಬಾಗಿಲು ತಟ್ಟುವುದಿಲ್ಲ. ಸೀದಾ ಒಳಗೆ ಬಂದು, ನಮಗಿಂತ ಮೊದಲೇ ಚಾಪೆಯ ಮೇಲೆ ಕೂತಿರುತ್ತದೆ. ಬೆಳಿಗ್ಗೆ ಎದ್ದು ಅಡುಗೆಮನೆಗೆ ಹೋದರೆ ಒಗ್ಗರಣೆಯ ಎಣ್ಣೆ ಶೀಶೆಯಲ್ಲಿ ಗಟ್ಟಿಯಾಗಿ ನಿಂತಿರುತ್ತದೆ. ಬಚ್ಚಲಿನಲ್ಲಿ ಬಟ್ಟೆ ಬಿಚ್ಚುವುದಕ್ಕೂ ಧೈರ್ಯ ಬೇಕು. ಕಾರು, ರೈಲು, ರೋಬೋಟು ಎಂದು ಲೋಕಕ್ಕೆಲ್ಲ ಪಾಠ ಹೇಳುವ ದೇಶ, ತನ್ನ ಅಜ್ಜ ಅಜ್ಜಿಯರನ್ನು ಇಂಥ ಮನೆಗಳಲ್ಲಿ ಹೇಗೆ ನಡುಗಿಸಿಕೊಂಡು ಇಟ್ಟಿತ್ತೋ ದೇವರಿಗೇ ಗೊತ್ತು.

ಒಕಾಜಾಕಿ ಪೇಟೆ ದಾಟಿ ಗುಡ್ಡದ ದಾರಿ ಹಿಡಿದರೆ, ಸೀಡರ್ ಮರಗಳ ನಡುವೆ ಅಂಥದೇ ಒಂದು ಮನೆ. ಅದನ್ನು ಹೋದ ವಸಂತದಲ್ಲಿ ಕೊಂಡವರು ಲೀಲಾ ಮತ್ತು ಅವಳ ಗಂಡ ಬಾಲಸುಬ್ರಹ್ಮಣ್ಯ. ಗಂಡ ಮೈಸೂರಿನವನು, ಕಾರಿನ ಸೀಟು ತಯಾರಿಸುವ ಕಂಪನಿಯಲ್ಲಿ ಎಂಜಿನಿಯರ್. ಸೀಟಿನ ಮೇಲೆ ಕೂತವನ ಬೆನ್ನು ಎಷ್ಟು ಹೊತ್ತಿಗೆ ನೋಯುತ್ತದೆ ಎಂದು ಕಂಡುಹಿಡಿಯುವುದು ಅವನ ಕೆಲಸ. ಅದರಲ್ಲಿ ಗಟ್ಟಿಗ, ಇಲ್ಲ ಅನ್ನುವಂತಿಲ್ಲ. ಲೀಲಾ ಮಂಡ್ಯದವಳು. ಬೆಂಗಳೂರಿನ ಒಂದು ಆಫೀಸಿನಲ್ಲಿ ಕೂತು ಸಕ್ಕರೆ ಕಾರ್ಖಾನೆಗಳಿಗೆ ಹಬೆಯ ಕೊಳವೆಗಳ ನಕ್ಷೆ ಬರೆಯುತ್ತಿದ್ದವಳು. ಬಾಯ್ಲರ್‌ನಿಂದ ಹೊರಟ ಕೊಳವೆ ಎಲ್ಲಿ ತಿರುಗಬೇಕು, ಎಲ್ಲಿ ಏರಬೇಕು, ಎಲ್ಲಿ ಸಡಿಲ ಬಿಡಬೇಕು ಎಂಬುದು ಅವಳಿಗೆ ಅಂಗೈ ಗೆರೆಯಷ್ಟೇ ಪರಿಚಯ. ಆಮೇಲೆ ಗಂಡನನ್ನು ಕಂಪನಿ ಜಪಾನಿಗೆ ಕರೆಸಿಕೊಂಡಿತು. 'ಡಿಪೆಂಡೆಂಟ್' ಎಂಬ ವೀಸಾ ಅಂಟಿಸಿಕೊಂಡು ಅವಳೂ ಬಂದಳು. ಈಗ ಊಟದ ಡಬ್ಬಿ ತುಂಬುವ ಕಾರ್ಖಾನೆಯೊಂದರಲ್ಲಿ, ಅನ್ನದ ನಟ್ಟನಡುವೆ ಒಂದೊಂದು ಉಪ್ಪಿನ ಪ್ಲಮ್ ಹಣ್ಣು ಒತ್ತುವುದು ಅವಳ ಕೆಲಸ.

"ಡಿಪೆಂಡೆಂಟ್ ಅಂತೆ. ಯಾರ ಮೇಲೆ ಯಾರು ಡಿಪೆಂಡು ಅಂತ ಒಂದು ದಿನ ಮನೆಗೆ ಬಂದು ನೋಡ್ಲಿ," ಎಂದು ಅವಳು ಆಗಾಗ ಗೊಣಗುವುದುಂಟು. ಕೇಳಿಸಿಕೊಳ್ಳಬೇಕಾದ ಗಂಡನ ಕಿವಿಯಲ್ಲಿ ಆಗೆಲ್ಲ ಇಯರ್‌ಫೋನ್ ಇರುತ್ತದೆ.

ಮನೆಯನ್ನು ಬೆಚ್ಚಗೆ ಮಾಡಲು ಸೌದೆ ಬಾಯ್ಲರ್ ಹಾಕಿಸೋಣ ಎಂದವಳು ಲೀಲಾ. ಸುತ್ತ ಸೀಡರ್ ಕಾಡು, ಕಡಿದು ಬಿಸಾಕಿದ ಕೊಂಬೆ ರೆಂಬೆ ಬೇಕಾದಷ್ಟು. ಮಂಡ್ಯದ ಮನೆಯಲ್ಲಿ ಬಚ್ಚಲ ಒಲೆಗೆ ತೆಂಗಿನ ಮಟ್ಟೆ ತುರುಕಿ ಹಂಡೆ ನೀರು ಕಾಯಿಸಿ ಬೆಳೆದವಳಿಗೆ ಬೆಂಕಿಯ ಭಯವಿಲ್ಲ. ಆದರೆ ಮನೆಯೆಲ್ಲ ಮರ, ಒಂದು ಕಿಡಿ ಹಾರಿದರೂ ಕಷ್ಟ. ಹಾಗಾಗಿ ಬಾಯ್ಲರ್ ಹೊರಗಡೆ, ಅಂಗಳದ ಮೂಲೆಯ ಕಾಂಕ್ರೀಟು ಕಟ್ಟೆಯ ಮೇಲೆ. ಅಲ್ಲಿ ಕಾದ ನೀರು ಒಂದು ಕೊಳವೆಯಲ್ಲಿ ಮನೆಯೊಳಗೆ ಬರಬೇಕು, ನೆಲವನ್ನೂ ಬಚ್ಚಲನ್ನೂ ಬೆಚ್ಚಗೆ ಮಾಡಿ, ತಣಿದು ಇನ್ನೊಂದು ಕೊಳವೆಯಲ್ಲಿ ಹಿಂದಕ್ಕೆ ಹೋಗಬೇಕು. ಕೇಳಲು ಸಲೀಸು. ಆದರೆ ಆ ಎರಡು ಕೊಳವೆ ಎಲ್ಲಿಂದ ಮನೆಯೊಳಗೆ ನುಗ್ಗಬೇಕು ಎಂಬುದರಲ್ಲೇ ಇಡೀ ಸಂಗತಿ ಇರುವುದು.

ಈ ಮನೆಗೆ ನಮ್ಮ ಮನೆಗಳಂತೆ ತಳಪಾಯವಿಲ್ಲ. ಒಂದೊಂದು ಕಂಬವೂ ಒಂದೊಂದು ಚಪ್ಪಟೆ ಕಲ್ಲಿನ ಮೇಲೆ ಸುಮ್ಮನೆ ನಿಂತಿದೆ. ಭೂಮಿ ನಡುಗಿದರೆ ಮನೆ ಕಲ್ಲಿನ ಮೇಲೆ ಕೊಂಚ ಅತ್ತಿತ್ತ ಸರಿದು, ಸುಧಾರಿಸಿಕೊಂಡು ನಿಲ್ಲುತ್ತದೆ. ಅದು ಅದರ ಜಾಣತನ. ಲೀಲಾ ಶಿಫ್ಟ್ ಇಲ್ಲದ ದಿನಗಳಲ್ಲೆಲ್ಲ ಹಳೆಯ ಚೂಡಿದಾರ ತೊಟ್ಟು, ತಲೆಗೆ ಟವೆಲ್ ಸುತ್ತಿ, ಟಾರ್ಚು ಹಿಡಿದು ನೆಲದಡಿಗೆ ತೆವಳಿದಳು. ಅಳೆದಳು, ಬರೆದಳು, ಅಳಿಸಿದಳು. ಕೊನೆಗೆ ಒಂದು ನಕ್ಷೆ ಮಾಡಿದಳು. ಕೊಳವೆಗಳು ಅಂಗಳದ ಮಣ್ಣಿನಡಿ ಕಾಲುವೆಯಲ್ಲಿ ಬಂದು, ಮನೆಯ ನೆಲದಡಿ ಹೊಕ್ಕು, ಅಲ್ಲಿ ಒಂದು ಸಡಿಲ ಸುತ್ತು ಹಾಕಿಕೊಂಡು, ಆಮೇಲೆ ಮೇಲಕ್ಕೆ ಏರಬೇಕು. ಮನೆ ಒಂದು ಕಡೆಗೂ ನೆಲ ಒಂದು ಕಡೆಗೂ ಎಳೆದಾಗ ಆ ಸುತ್ತು ಬಿಚ್ಚಿಕೊಂಡು ಕೊಳವೆಯನ್ನು ಉಳಿಸುತ್ತದೆ. ಎಷ್ಟೋ ವರ್ಷಗಳ ನಂತರ ಅವಳು ಬರೆದ ಮೊದಲ ನಕ್ಷೆ ಅದು. ಅದನ್ನು ಊಟದ ಮೇಜಿನ ಮೇಲೆ ಹರಡಿ, ಸೊಂಟದ ಮೇಲೆ ಕೈಯಿಟ್ಟುಕೊಂಡು ನೋಡಿ ನೋಡಿ ಸಂತೋಷಪಟ್ಟಳು. ಈ ನಕ್ಷೆಯಂತೆ ನೀರು ಮನೆಗೆ ಬಂದರೆ ತಾನು ಇನ್ನೂ ಎಂಜಿನಿಯರೇ ಎಂಬುದು ಅವಳ ಲೆಕ್ಕ. ಆ ಲೆಕ್ಕವನ್ನು ಯಾರಿಗೂ ಹೇಳಲಿಲ್ಲ.

ನಕ್ಷೆಯ ಮೂಲೆಯಲ್ಲಿ ಹೆಸರು ಬರೆದಳು, ಇಂಗ್ಲಿಷಿನಲ್ಲಿ, ಎಲ್. ಬಾಲಸುಬ್ರಹ್ಮಣ್ಯ ಎಂದು. ಇದೊಂದು ಗ್ರಹಚಾರ. ನಮ್ಮಲ್ಲಿ ಅರ್ಧಕ್ಕರ್ಧ ಜನಕ್ಕೆ ಮನೆತನದ ಹೆಸರೇ ಇರುವುದಿಲ್ಲ. ಪಾಸ್‌ಪೋರ್ಟಿನವರು ಕೊನೆಯ ಹೆಸರು ಬೇಕೇ ಬೇಕು ಎಂದಾಗ ಹೆಂಡತಿಯರು ಗಂಡನ ಹೆಸರು ಹಾಕಿ ಕೈತೊಳೆದುಕೊಳ್ಳುತ್ತಾರೆ. ಜಪಾನಿನಲ್ಲಿ ಕರೆಯುವುದು ಕೊನೆಯ ಹೆಸರಿನಿಂದಲೇ. ಬಾಲಸುಬ್ರಹ್ಮಣ್ಯ ಎಂದು ಪೂರ್ತಿ ಅನ್ನಲು ಅವರ ನಾಲಿಗೆ ಒಪ್ಪದು. ಹಾಗಾಗಿ ಹೆಸರನ್ನು ಮೊಟಕು ಮಾಡಿ, ಮರ್ಯಾದೆಗೆ ಒಂದು 'ಸಾನ್' ಸೇರಿಸಿ, ಗಂಡನೂ ಬಾಲಾ-ಸಾನ್, ಹೆಂಡತಿಯೂ ಬಾಲಾ-ಸಾನ್. ಆಸ್ಪತ್ರೆಯಲ್ಲಿ ಬಾಲಾ-ಸಾನ್, ಅಂಚೆ ಕಚೇರಿಯಲ್ಲಿ ಬಾಲಾ-ಸಾನ್, ಊಟದ ಡಬ್ಬಿಯ ಕಾರ್ಖಾನೆಯ ಬ್ಯಾಡ್ಜಿನಲ್ಲೂ ಬಾಲಾ. ಹೆರಿಗೆ ನೋವು ತಿನ್ನುತ್ತಿದ್ದಾಗ ನರ್ಸು ಕೂಡ 'ಬಾಲಾ-ಸಾನ್, ಇನ್ನೂ ಸ್ವಲ್ಪ ಜೋರಾಗಿ' ಎಂದಿದ್ದಳಂತೆ. ನೋವು ತಿಂದವಳು ಒಬ್ಬಳು, ಹೆಸರು ಇನ್ನೊಬ್ಬನದು.

ಮನೆ ರಿಪೇರಿಗೆ ಗೊತ್ತಾದ ಕಂಟ್ರಾಕ್ಟರು ಸುಗಿಯುರಾ-ಸಾನ್. ಅರವತ್ತು ದಾಟಿದವರು, ಮಿತಮಾತಿನವರು, ಕೆಲಸದಲ್ಲಿ ಅಚ್ಚುಕಟ್ಟು. ಲೀಲಾ ನಕ್ಷೆ ಹರಡಿ, ತನಗೆ ಬರುವ ಜಪಾನಿಯಲ್ಲಿ ಎಲ್ಲವನ್ನೂ ವಿವರಿಸಿದಳು. ಅವರು ಪ್ರತಿ ಮಾತಿಗೂ 'ಹಾಯ್, ಹಾಯ್' ಎಂದರು. ಹಾಯ್ ಎಂದರೆ ಹೌದು ಎಂದು ಪುಸ್ತಕದಲ್ಲಿ ಬರೆದಿದೆ. ನಿಜದಲ್ಲಿ ಅದರ ಅರ್ಥ 'ನೀವು ಮಾತಾಡುತ್ತಿರುವುದು ನನಗೆ ಕೇಳಿಸುತ್ತಿದೆ' ಎಂದಷ್ಟೇ. ಕೊನೆಗೆ ಅವರು, ಇದೇ ದಾರಿ ಅಂತ ನಿಶ್ಚಯ ಮಾಡೋಣವೇ ಎಂದು ಕೇಳಿದರು.

ಲೀಲಾಳಿಗೆ ಇನ್ನೊಂದು ಸಲ ಅಳತೆ ನೋಡಿಕೊಳ್ಳಬೇಕಿತ್ತು. ನಾಳೆ ಹೇಳುತ್ತೇನೆ ಎನ್ನಬಹುದಿತ್ತು. ಆದರೆ ಬಾಯಿಗೆ ಬಂದದ್ದು ಹಳೆಯ ಅಭ್ಯಾಸ. ನಮ್ಮ ಹೆಂಗಸರ ಕೈಯಲ್ಲಿ ಒಂದು ಕೊಡೆ ಇರುತ್ತದೆ, 'ನಮ್ಮ ಯಜಮಾನ್ರನ್ನ ಒಂದು ಮಾತು ಕೇಳಿ ಹೇಳ್ತೀನಿ' ಎಂಬ ಕೊಡೆ. ಸೀರೆ ಮಾರುವವನಿಗೆ, ಚೀಟಿ ಹಾಕಿ ಎನ್ನುವವಳಿಗೆ, ಹುಡುಗಿ ನೋಡಲು ಬರುತ್ತೇವೆ ಎನ್ನುವ ನೆಂಟರಿಗೆ, ಎಲ್ಲರಿಗೂ ಅದೇ ಕೊಡೆ. ಅದರಡಿಯಲ್ಲಿ ಯಜಮಾನನೂ ಇರುವುದಿಲ್ಲ, ಕೇಳುವುದೂ ಇರುವುದಿಲ್ಲ. 'ಸ್ವಲ್ಪ ಯೋಚಿಸಲು ಬಿಡಿ' ಎಂದಷ್ಟೇ ಅದರ ಅರ್ಥ. ಜಪಾನಿಯಲ್ಲೂ ಗಂಡನಿಗೆ ಶುಜಿನ್ ಎನ್ನುತ್ತಾರೆ, ಅಂದರೆ ಯಜಮಾನನೇ. ಪದ ಸಿಕ್ಕಿತಲ್ಲ ಎಂದು ಲೀಲಾ ಹಾಗೇ ಹೇಳಿಬಿಟ್ಟಳು: ಶುಜಿನ್ ಅವರನ್ನು ಒಂದು ಮಾತು ಕೇಳಿ ಹೇಳುತ್ತೇನೆ. ಪದಕ್ಕೆ ಪದ ಸರಿಹೊಂದಿತು. ಅರ್ಥ ಮಾತ್ರ ಮಂಡ್ಯದಲ್ಲೇ ಉಳಿಯಿತು.

ಸುಗಿಯುರಾ-ಸಾನ್ ಮಾತನ್ನು ಮಾತಿನಂತೆಯೇ ತೆಗೆದುಕೊಳ್ಳುವ ಮನುಷ್ಯ. ಈ ಮನೆಯಲ್ಲಿ ತೀರ್ಮಾನ ಯಜಮಾನರದು ಎಂದು ಅವರ ತಲೆಯಲ್ಲಿ ಕೂತಿತು. ಮಾರನೆಯ ದಿನ ಲೀಲಾ 'ಅದೇ ದಾರಿ, ಶುರು ಮಾಡಿ' ಎಂದಾಗಲೂ ಹಾಯ್ ಎಂದು ತಲೆಬಾಗಿಸಿ, ಶನಿವಾರ ಗಂಡ ಮನೆಯಲ್ಲಿರುವ ಹೊತ್ತಿಗೆ ಬಂದು ಅವನೊಡನೆ ಮಾತಿಗೆ ಕೂತರು.

ಜಪಾನಿನ ಹಳ್ಳಿಗಳಲ್ಲಿ ಮನೆ ಕೆಲಸದವರಿಗೆ ಬೆಳಿಗ್ಗೆ ಒಂದು ಸಲ, ಮಧ್ಯಾಹ್ನ ಒಂದು ಸಲ ಚಹಾ ಕೊಡುವ ಪದ್ಧತಿ ಇದೆ. ಕೊಡಬೇಕಾದವಳು ಮನೆಯಾಕೆ. ಪ್ರತಿ ಶನಿವಾರ ಲೀಲಾ ಹಸಿರು ಚಹಾದ ಜೊತೆಗೆ ಕೋಡುಬಳೆಯನ್ನೂ ಇಟ್ಟು ತರುವಳು. ಅವಳು ಒಳಗೆ ನೀರು ಕಾಯಿಸುತ್ತಿರುವಾಗ ಹೊರಗೆ ಗಂಡಸರಿಬ್ಬರು ನಕ್ಷೆ ಬಿಚ್ಚುವರು. ತಟ್ಟೆ ಹಿಡಿದು ಬರುವಷ್ಟರಲ್ಲಿ ನಕ್ಷೆ ಮಡಿಸಿ ಆಗಿರುತ್ತಿತ್ತು.

"ಏನಂದ್ರು?" ಎಂದು ಕೇಳಿದರೆ ಬಾಲಸುಬ್ರಹ್ಮಣ್ಯನ ಉತ್ತರ ಒಂದೇ. "ಏನಿಲ್ಲ, ಸುಮ್ನೆ ಜನರಲ್ ಆಗಿ."

ಎಷ್ಟು ಅನಾಹುತಗಳು ಈ 'ಜನರಲ್ ಆಗಿ' ಎಂಬ ಮಾತಿನ ಹಿಂದೆ ಅಡಗಿ ಕೂತಿರುತ್ತವೋ.

ಎಲೆಗಳು ಕೆಂಪಾಗುವ ಕಾಲಕ್ಕೆ ಕಾಲುವೆ ತೋಡುವ ಕೆಲಸ ಶುರುವಾಗಬೇಕಿತ್ತು. ಒಂದು ಬುಧವಾರ ಲೀಲಾ ಕಾರ್ಖಾನೆಯಿಂದ ಮನೆಗೆ ಬಂದಾಗ ಅಂಗಳದಲ್ಲಿ ಒಂದು ಹಾರೆಯ ಗುರುತೂ ಇರಲಿಲ್ಲ. ಬದಲಿಗೆ ಬಚ್ಚಲಿನ ಹೊರಗೋಡೆಯಲ್ಲಿ, ಸೂರಿನ ಸ್ವಲ್ಪ ಕೆಳಗೆ, ದೊಡ್ಡ ತೂತು. ನೂರು ವರ್ಷದ ಮಣ್ಣಿನ ಗೋಡೆ, ಒಳಗಿನ ಬಿದಿರಿನ ಹೆಣಿಗೆ ಪಕ್ಕೆಲುಬಿನಂತೆ ಹೊರಗೆ ಕಾಣುತ್ತಿತ್ತು. ಏಣಿಯ ಮೇಲೆ ಸುಗಿಯುರಾ-ಸಾನ್. ಗೋಡೆಗೆ ಒರಗಿಸಿದ್ದ ಹೊಸ ತಾಮ್ರದ ಕೊಳವೆಗಳು ಬಿಸಿಲಿಗೆ ಫಳಫಳ ಹೊಳೆಯುತ್ತಿದ್ದವು.

ಲೀಲಾಳ ಮೈಯೆಲ್ಲ ಉರಿದುಹೋಯಿತು. ಚೀಲವನ್ನು ಅಲ್ಲೇ ಬಿಟ್ಟು ಏಣಿಯ ಬುಡಕ್ಕೆ ಹೋದಳು.

"ಇದೇನು ಮಾಡ್ತಿದ್ದೀರಿ?" ಎಂದು ಕೇಳಿದಳು. ಮಾತು ಜಪಾನಿಯಲ್ಲಿತ್ತು, ಸ್ವರ ಮಾತ್ರ ಅಪ್ಪಟ ಮಂಡ್ಯ.

ಸುಗಿಯುರಾ-ಸಾನ್ ಕೆಳಗಿಳಿದು ಟೋಪಿ ತೆಗೆದರು. ಕೊಳವೆಗಳನ್ನು ಬಾಯ್ಲರ್‌ನಿಂದ ಕಂಬದ ಮೇಲೆ ಏರಿಸಿ, ಸೂರಿನ ಗುಂಟ ತಂದು, ಇಲ್ಲಿಂದ ಒಳಗೆ ಇಳಿಸುವುದಾಗಿ ಸಾವಧಾನವಾಗಿ ಹೇಳಿದರು. ಕಾಲುವೆ ಬೇಡ, ನೆಲದಡಿಯ ಕೆಲಸವೂ ಬೇಡ.

"ನಕ್ಷೆಯಲ್ಲಿ ಹಾಗಿಲ್ಲವಲ್ಲ."

"ಹೌದು. ಆದರೆ ಯಜಮಾನರು ಒಪ್ಪಿದ್ದಾರೆ. ನಕ್ಷೆ ಅವರದೇ ಅಲ್ಲವೇ?"

ಲೀಲಾ ಒಂದು ಕ್ಷಣ ತನಗೆ ಜಪಾನಿ ಮರೆತುಹೋಯಿತೇನೋ ಅಂದುಕೊಂಡಳು. ಯಾರದು ಎಂದು ಮತ್ತೆ ಕೇಳಿದಳು.

"ಯಜಮಾನರದು. ಬಾಲಾ-ಸಾನ್ ಎಂದು ಹೆಸರು ಇದೆ," ಎಂದು ಅವರು ಜೇಬಿನಿಂದ ನಕ್ಷೆ ತೆಗೆದು ಮೂಲೆಯ ಸಹಿ ತೋರಿಸಿದರು. "ತುಂಬ ಒಳ್ಳೆಯ ನಕ್ಷೆ. ಸೀಟಿನ ಕಂಪನಿಯವರು ಕೊಳವೆಯ ವಿಷಯದಲ್ಲಿ ಇಷ್ಟು ಚೆನ್ನಾಗಿ ಬರೆಯುತ್ತಾರಾ ಎಂದು ನಾನು ಪ್ರತಿ ಶನಿವಾರ ಹೊಗಳುತ್ತಿದ್ದೆ."

"ಅದಕ್ಕೆ ಅವರು ಏನಂದರು?"

"ಇಯೇ ಇಯೇ, ಅಂಥದ್ದೇನೂ ಇಲ್ಲ ಅಂದರು. ಬಹಳ ವಿನಯವಂತರು."

ಇಯೇ ಎಂದರೆ ಇಲ್ಲ. ಆದರೆ ಈ ದೇಶದಲ್ಲಿ ಹೊಗಳಿದಾಗ ಇಯೇ ಇಯೇ ಎನ್ನದವರು ಯಾರಿದ್ದಾರೆ? ನಿಮ್ಮ ಮಗು ಮುದ್ದಾಗಿದೆ ಎಂದರೆ ಇಯೇ ಇಯೇ, ನಿಮ್ಮ ಅಡುಗೆ ರುಚಿ ಎಂದರೆ ಇಯೇ ಇಯೇ. ಎರಡು ಕೈಯಲ್ಲೂ ಹೊಗಳಿಕೆಯನ್ನು ಬಾಚಿ ಒಳಗೆ ಹಾಕಿಕೊಳ್ಳುವಾಗ ಬಾಯಲ್ಲಿ ಬರುವ ಸದ್ದು ಅದು. ಈ ಮನುಷ್ಯನ ಮೇಲೆ ರೇಗಿ ಪ್ರಯೋಜನವಿಲ್ಲ ಎಂದು ಲೀಲಾಳಿಗೆ ಹೊಳೆಯಿತು. ಇವತ್ತಿಗೆ ಕೆಲಸ ನಿಲ್ಲಿಸಿ, ಶನಿವಾರ ಬನ್ನಿ, ಎಂದಳು. ಯಜಮಾನರಿಗೆ ಫೋನ್ ಮಾಡಬೇಕೇ ಎಂದು ಅವರು ಕೇಳಿದರು.

"ಬೇಡ. ಅವರು ಸಂಜೆ ಮನೆಗೆ ಬರುತ್ತಾರೆ," ಎಂದಳು ಲೀಲಾ. ಸುಗಿಯುರಾ-ಸಾನ್ ಏಣಿ ಮಡಿಸಿ, ಎಂದಿಗಿಂತ ಬೇಗ ಬೇಗ ಸಾಮಾನು ಗಾಡಿಗೆ ತುಂಬಿದರು.

ಸಂಜೆ ಬಾಲಸುಬ್ರಹ್ಮಣ್ಯ ಬಂದ. ಶೂ ಬಿಚ್ಚಿ, ಕೈ ತೊಳೆದು, ಊಟಕ್ಕೆ ಕೂತ. ಹದಿಮೂರರ ಮಗಳು ನಿಧಿ ಎದುರಿಗೆ ಕೂತಿದ್ದಳು. ಲೀಲಾ ಅನ್ನ ಬಡಿಸಿದಳು, ಹುಳಿ ಬಡಿಸಲಿಲ್ಲ. ಸೌಟು ಕೈಯಲ್ಲೇ ಇತ್ತು.

"ರೀ, ಆ ಬಾಯ್ಲರ್ ಲೈನಿನ ಡ್ರಾಯಿಂಗ್ ಯಾರದು?"

"ನಮ್ಮದೇ ಅಲ್ವಾ?"

"ನಮ್ಮದು ಅಂದ್ರೆ? ಅದ್ರಲ್ಲಿ ನೀವು ಎಷ್ಟು ಗೆರೆ ಎಳೆದ್ರಿ?"

ಅವನಿಗೆ ಅರ್ಥವಾಯಿತು. ಅನ್ನದಲ್ಲಿ ಗುಂಡಿ ಮಾಡುತ್ತ ಕೂತ. "ಸುಗಿಯುರಾ-ಸಾನ್ ಏನೋ ಹೇಳಿರ್ಬೇಕು."

"ಅವರು ಹೇಳಿದ್ದು ಇರ್ಲಿ. ನೀವು ಏನು ಹೇಳಿದ್ರಿ?"

"ನೋಡು ಲೀಲಾ, ಫಸ್ಟ್ ಟೈಮ್ ಅವರು ಹೊಗಳಿದಾಗ್ಲೇ ನಾನು ಇಯೇ ಇಯೇ ಅಂದೆ. ಇಲ್ಲ ಇಲ್ಲ ಅಂತ ತಾನೆ ಅರ್ಥ? ಟೆಕ್ನಿಕಲಿ ನಾನು ಡಿನೈ ಮಾಡಿದೀನಿ."

"ಟೆಕ್ನಿಕಲಿ," ಎಂದಳು ಲೀಲಾ.

"ಆಮೇಲೆ ಕ್ಲಿಯರ್ ಮಾಡೋಣ ಅಂದ್ಕೊಂಡೆ. ಮುಂದಿನ ವಾರ ಅವರು ಮತ್ತೆ ಹೊಗಳಿದ್ರು. ಆಗ ಹೇಳಿದ್ರೆ, ಹೋದ ವಾರ ಯಾಕೆ ಹೇಳ್ಲಿಲ್ಲ ಅಂತ ಆಕ್ವರ್ಡ್ ಆಗುತ್ತೆ. ಹಾಗೇ ಉಳ್ಕೊಂಡ್ತು. ದೊಡ್ಡ ವಿಷಯ ಅಲ್ಲ ಬಿಡು. ಮನೆ ನಮ್ಮದು, ಡ್ರಾಯಿಂಗ್ ನಮ್ಮದು."

"ದಾರಿ ಬದಲಾಯಿಸ್ತೀನಿ ಅಂದಾಗ ಯಾಕೆ ಒಪ್ಕೊಂಡ್ರಿ? ಆ ಸುತ್ತು ತೆಗೀತೀನಿ ಅಂದಾಗ?"

ಗಂಡ ಅನ್ನದ ಗುಂಡಿಯನ್ನು ಮತ್ತೆ ಮುಚ್ಚಿದ. "ಅದು ಯಾಕಿದೆ ಅಂತ ನಂಗೆ ಗೊತ್ತಿರ್ಲಿಲ್ಲ."

"ನನ್ನ ಕೇಳಬಹುದಿತ್ತಲ್ಲ?"

"ನಾನೇ ಬರೆದದ್ದು ಅಂತ ಅವರು ಅಂದ್ಕೊಂಡಿರುವಾಗ, ತಡೀರಿ ಹೆಂಡತೀನ ಕೇಳಿ ಬರ್ತೀನಿ ಅಂತ ಹೇಗೆ ಹೇಳ್ಲಿ?"

ಇಲ್ಲಿದೆ ನೋಡಿ ವಿಷಯ. ಕಳ್ಳನಿಗಾದರೂ ತಾನು ಕದ್ದ ಮಾಲಿನ ಬೆಲೆ ಗೊತ್ತಿರುತ್ತದೆ. ಇವನಿಗೆ ಅದೂ ಗೊತ್ತಿರಲಿಲ್ಲ. ಹೆಂಡತಿಯ ನಕ್ಷೆಯನ್ನು ತನ್ನದೆಂದು ಇಟ್ಟುಕೊಂಡ, ಇಟ್ಟುಕೊಂಡದ್ದನ್ನು ಕಾಯಲು ಬಾರದೆ ಕಂಡವರ ಕೈಗೆ ಕೊಟ್ಟ. ಅದೂ ದುರಾಸೆಯಿಂದಲ್ಲ, ಕೇಡಿನಿಂದಲೂ ಅಲ್ಲ, ಒಂದು ನಿಮಿಷದ ಮುಜುಗರ ತಪ್ಪಿಸಿಕೊಳ್ಳಲು. ಹೆಂಡತಿಯ ಮಾನ ಹೋದರೂ ಚಿಂತೆಯಿಲ್ಲ, ತನ್ನ ಶನಿವಾರದ ಚಹಾ ಕೆಡಬಾರದು. ಹಿತ್ತಲ ಗಿಡ ಮದ್ದಲ್ಲ ಎನ್ನುತ್ತಾರೆ. ಮದ್ದು ಹೌದು ಎಂದು ಊರವರು ಹೇಳಿದ ಮೇಲೆ, ಗಿಡ ನೆಟ್ಟವನು ನಾನೇ ಎಂದು ಮುಂದೆ ಬರುವವರಿಗೇನೂ ಕಡಿಮೆಯಿಲ್ಲ.

ಇಷ್ಟು ಹೊತ್ತು ತಲೆ ತಗ್ಗಿಸಿ ತಿನ್ನುತ್ತಿದ್ದ ನಿಧಿ ಚಮಚ ಕೆಳಗಿಟ್ಟಳು. "ಅಪ್ಪಾ, ದಟ್ ಈಸ್ ಝುರುಯಿ," ಎಂದಳು. ಆಟದಲ್ಲಿ ಮೋಸ ಮಾಡಿದವರಿಗೆ ಶಾಲೆಯ ಮಕ್ಕಳು ಅನ್ನುವ ಮಾತು ಅದು. ಆಮೇಲೆ ತಟ್ಟೆ ಎತ್ತಿಕೊಂಡು ಒಳಗೆ ಹೋದಳು. ಮಗಳ ಬಾಯಲ್ಲಿ ಅದನ್ನು ಕೇಳಿದ ಮೇಲೆ ಬಾಲಸುಬ್ರಹ್ಮಣ್ಯನ ಮುಖ ಸಪ್ಪಗಾಯಿತು.

"ಶನಿವಾರ ನೀವೇ ಹೇಳಬೇಕು, ಡ್ರಾಯಿಂಗ್ ನಿಮ್ಮದಲ್ಲ ಅಂತ," ಎಂದಳು ಲೀಲಾ. "ನಾನು ಹೇಳಿದ್ರೆ ಹೆಂಡತಿ ಜಂಭ ಕೊಚ್ಕೋತಿದಾಳೆ ಅಂತಾರೆ. ನಿಮ್ಮ ಬಾಯಿಂದಲೇ ಬರ್ಬೇಕು. ಅಲ್ಲೀವರೆಗೂ ಆ ಗೋಡೆ ತೂತು ಹಾಗೇ ಇರ್ಲಿ, ಗಾಳಿ ಬರ್ಲಿ."

ಗಾಳಿ ಬಂತು. ಆ ವಾರ ಇದ್ದಕ್ಕಿದ್ದಂತೆ ಚಳಿ ಬಿತ್ತು. ಬಚ್ಚಲಿನಲ್ಲಿ ಹಲ್ಲು ಕಟಕಟ ಎನ್ನುವಾಗಲೆಲ್ಲ ಬಾಲಸುಬ್ರಹ್ಮಣ್ಯ ತೂತಿನ ಕಡೆ ನೋಡುವನು, ನೋಡಿ ಬೇಗ ಬೇಗ ನೀರು ಹೊಯ್ದುಕೊಳ್ಳುವನು. ಟಾರ್ಪಾಲಾದರೂ ಕಟ್ಟಲೇ ಎಂದು ಒಂದು ಸಲ ಕೇಳಿದ. ಲೀಲಾ ಶಾಲನ್ನು ಇನ್ನೊಂದು ಸುತ್ತು ಸುತ್ತಿಕೊಂಡು ಅಡುಗೆಮನೆಗೆ ಹೋದಳು.

ಶನಿವಾರ ಸುಗಿಯುರಾ-ಸಾನ್ ಬಂದರು. ಲೀಲಾ ಅವತ್ತು ಚಹಾ ಕಾಯಿಸಲು ಒಳಗೆ ಹೋಗಲಿಲ್ಲ. ಫ್ಲಾಸ್ಕನ್ನು ಮೊದಲೇ ತುಂಬಿ ಜಗುಲಿಯ ಮೇಲಿಟ್ಟು, ಪಕ್ಕದಲ್ಲೇ ಚಕ್ಕಳಮಕ್ಕಳ ಹಾಕಿ ಕೂತಳು. ನಕ್ಷೆ ನಡುವೆ ಹರಡಿತ್ತು. ಬಾಲಸುಬ್ರಹ್ಮಣ್ಯ ಆಫೀಸಿನ ಮೀಟಿಂಗಿನಲ್ಲಿ ಬಳಸುವಂಥ ಉದ್ದುದ್ದ ಮರ್ಯಾದೆಯ ಜಪಾನಿಯಲ್ಲಿ ಶುರುಮಾಡಿದ. ತಮಗೆ ತೊಂದರೆ ಕೊಟ್ಟಿದ್ದಕ್ಕೆ ಕ್ಷಮೆ ಇರಲಿ, ಹೇಳಲು ಸಂಕೋಚ, ಆದರೂ ನಿಜ ಹೇಳಬೇಕೆಂದರೆ, ಈ ನಕ್ಷೆಯಲ್ಲಿ ನನ್ನ ಪಾಲು ಏನೂ ಇಲ್ಲ, ಎಲ್ಲವೂ ಹೆಂಡತಿಯ ಪರಿಶ್ರಮ, ಎಂದ.

ಸುಗಿಯುರಾ-ಸಾನ್ ಮುಖ ಅರಳಿಸಿ ನಕ್ಕರು. "ಯಜಮಾನರು ನಿಜಕ್ಕೂ ವಿನಯವಂತರು," ಎಂದು ಲೀಲಾಳ ಕಡೆ ತಿರುಗಿದರು. "ಇಂಥ ಗಂಡ ಸಿಗುವುದು ಪುಣ್ಯ."

ಲೀಲಾಳ ಪಿತ್ತ ನೆತ್ತಿಗೇರಿತು. ಸುಳ್ಳು ಹೇಳಿದಾಗಲೂ ಹೊಗಳಿಕೆ ಇವನಿಗೆ, ನಿಜ ಹೇಳಿದಾಗಲೂ ಹೊಗಳಿಕೆ ಇವನಿಗೇ. ಕೆಲಸ ಇಟ್ಟುಕೊಂಡರೆ ಕೆಲಸ ಇವನದು, ಕೆಲಸ ಬಿಟ್ಟುಕೊಟ್ಟರೆ ಗುಣ ಇವನದು. ಅವಳು ಬೆರಳನ್ನು ನಕ್ಷೆಯ ಮೇಲೆ, ಕೊಳವೆ ಸುತ್ತು ಹಾಕುವ ಜಾಗದಲ್ಲಿ ಊರಿದಳು.

"ಸುಗಿಯುರಾ-ಸಾನ್, ಇದು ಇಲ್ಲಿ ಯಾಕಿದೆ ಅಂತ ಯಜಮಾನರನ್ನೇ ಕೇಳಿ."

ಅವರು ಕೇಳಿದರು. ಬಾಲಸುಬ್ರಹ್ಮಣ್ಯ ಆ ಸುತ್ತನ್ನು ನೋಡಿದ. ಬೆವರುವ ಹವೆಯಲ್ಲ, ಆದರೂ ಬೆವರಿದ. ಈ ಮೂರು ದಿನದಲ್ಲಿ ಹೆಂಡತಿಯನ್ನು ಕೇಳಿ ತಿಳಿದುಕೊಳ್ಳಬಹುದಿತ್ತು. ಅದಕ್ಕೂ ಅವನಿಗೆ ಮುಖವಿರಲಿಲ್ಲ.

"ನನಗೆ ಗೊತ್ತಿಲ್ಲ," ಎಂದ, ಈ ಸಲ ಯಾವ ಮರ್ಯಾದೆಯ ಬಾಲವೂ ಇಲ್ಲದ ಮೋಟು ಜಪಾನಿಯಲ್ಲಿ. "ಕೊಳವೆ ಅಂದ್ರೆ ಏನು ಅಂತಲೇ ನನಗೆ ಗೊತ್ತಿಲ್ಲ. ಇದನ್ನು ಬರೆದದ್ದು ಲೀಲಾ."

ಸುಗಿಯುರಾ-ಸಾನ್ ನಗು ನಿಲ್ಲಿಸಿದರು. ಗಂಡನ ಮುಖ ನೋಡಿದರು, ಹೆಂಡತಿಯ ಮುಖ ನೋಡಿದರು. ಸುಮಿಮಾಸೆನ್ ಎಂದು ಬಗ್ಗಿದರು. ಲೀಲಾಳಿಗೆ ಆ ಕ್ಷಮೆ ಬೇಕಾಗಿರಲಿಲ್ಲ, ಕಾಲು ತುಳಿದರೂ ಬಸ್ಸು ತಡವಾದರೂ ಸಿಗುವ ಸರಕು ಅದು. ಆಮೇಲೆ ಅವರು ಗಂಡನ ಮುಂದಿದ್ದ ನಕ್ಷೆಯನ್ನು ಎತ್ತಿ, ಹೊರಳಿಸಿ, ಲೀಲಾಳ ಮುಂದಿಟ್ಟು, ಇದು ಯಾಕಿದೆ ಎಂದು ಕೇಳಿದರು.

ಅವಳು ಹೇಳಿದಳು. ಮನೆ ಕಲ್ಲಿನ ಮೇಲೆ ನಿಂತಿದೆ, ಬಾಯ್ಲರ್ ಕಾಂಕ್ರೀಟಿನ ಮೇಲೆ ಕೂತಿದೆ. ಭೂಮಿ ನಡುಗಿದರೆ ಎರಡೂ ಒಂದೇ ತರಹ ಕುಣಿಯುವುದಿಲ್ಲ. ನಿಮ್ಮ ತಾಮ್ರದ ಕೊಳವೆಯನ್ನು ಎರಡಕ್ಕೂ ಬಿಗಿದರೆ ಗೋಡೆಯ ಹತ್ತಿರ ಕಿತ್ತುಕೊಂಡು ಕುದಿನೀರು ಬಚ್ಚಲಿಗೆ ಸುರಿಯುತ್ತದೆ. ಸೂರಿಗೆ ಏರಿಸಿ ಮತ್ತೆ ಇಳಿಸಿದರೆ ಮೇಲಿನ ಬಾಗಿನಲ್ಲಿ ಗಾಳಿ ಸಿಕ್ಕಿಕೊಂಡು ನೀರು ಓಡುವುದು ನಿಲ್ಲುತ್ತದೆ. ಬಯಲಲ್ಲಿ ಬಂದ ಕೊಳವೆ ಅರ್ಧ ಬಿಸಿಯನ್ನು ಗಾಳಿಗೇ ಕೊಟ್ಟು ಬರುತ್ತದೆ. ಹೇಳುತ್ತ ಹೇಳುತ್ತ ಅವಳ ಸ್ವರ ಏರಿತು, ಕ್ರಿಯಾಪದಗಳು ತಪ್ಪಿದವು, ಲೆಕ್ಕ ಮಾತ್ರ ತಪ್ಪಲಿಲ್ಲ.

ಸುಗಿಯುರಾ-ಸಾನ್ ಈ ಸಲ ಒಂದು ಹಾಯ್ ಕೂಡ ಹೇಳಲಿಲ್ಲ. ಕೇಳಿ ಮುಗಿಸಿ, ತೋಳು ಕಟ್ಟಿಕೊಂಡು, "ದಮೆ," ಎಂದರು. ಆಗಲ್ಲ, ಎಂದು.

ಬಾಲಸುಬ್ರಹ್ಮಣ್ಯ ಬೆಚ್ಚಿದ. ಜಪಾನಿನಲ್ಲಿ ಗಿರಾಕಿಯ ಮುಖಕ್ಕೆ ಹೊಡೆದಂತೆ ದಮೆ ಎನ್ನುವವರಿಲ್ಲ. ಸ್ವಲ್ಪ ಕಷ್ಟ ಅನ್ನುತ್ತಾರೆ, ಯೋಚಿಸೋಣ ಅನ್ನುತ್ತಾರೆ, ಗಾಳಿಯನ್ನು ಹಲ್ಲಿನ ಸಂದಿಯಲ್ಲಿ ಎಳೆದುಕೊಂಡು ತಲೆ ವಾರೆ ಮಾಡುತ್ತಾರೆ. ದಮೆ ಎನ್ನುವುದು ಸಮನಾದ ಕೆಲಸಗಾರನಿಗೆ.

"ಯಾಕೆ ಆಗಲ್ಲ?" ಎಂದಳು ಲೀಲಾ.

"ಗೆದ್ದಲು," ಎಂದರು ಅವರು. ನೆಲದಡಿ ಬೆಚ್ಚಗಾದರೆ, ಒಂದು ಹನಿ ಸೋರಿದರೆ, ಮೊದಲು ಬರುವುದು ಗೆದ್ದಲು. ಅದಕ್ಕೇ ನಾನು ದಾರಿ ಬದಲಿಸಿದ್ದು. ಅದನ್ನು ಯಜಮಾನರಿಗೆ ಹೇಳಿದ್ದೆ, ಅವರು ಸರಿ ಅಂದರು.

ಲೀಲಾ ಗಂಡನ ಕಡೆ ತಿರುಗಿದಳು. ಗೆದ್ದಲು ಎಂಬ ಒಂದೇ ಒಂದು ಪದವನ್ನಾದರೂ ಮನೆಯೊಳಗೆ ತಂದಿದ್ದರೆ ಗೋಡೆಗೆ ತೂತು ಬೀಳುತ್ತಿರಲಿಲ್ಲ. ಅವನು ಫ್ಲಾಸ್ಕಿನ ಮುಚ್ಚಳ ತಿರುಗಿಸುತ್ತ ಕೂತಿದ್ದ.

"ನೆಲದಡಿ ಒಂದೂ ಜೋಡಣೆ ಇರಲ್ಲ," ಎಂದಳು ಲೀಲಾ. "ಬಾಯ್ಲರ್‌ನಿಂದ ಒಳಗಿನವರೆಗೂ ಒಂದೇ ಕೊಳವೆ. ಜೋಡಣೆ ಇಲ್ಲದೆ ಸೋರೋದು ಎಲ್ಲಿಂದ? ಮೇಲೆ ದಪ್ಪ ಹೊದಿಕೆ ಇರುತ್ತೆ, ಮುಟ್ಟಿದ್ರೂ ಬಿಸಿ ಗೊತ್ತಾಗಲ್ಲ."

"ಸುತ್ತು ಹಾಕಿದ ಜಾಗದಲ್ಲಿ?"

"ಅಲ್ಲೂ ಇಲ್ಲ."

"ನೀವು ಗುರುತು ಮಾಡಿರುವ ಕಡೆ ದೊಡ್ಡ ಕಂಬದ ಕಲ್ಲು ಇದೆ. ಅದರ ಪಕ್ಕ ಅಗೆಯಲು ನಾನು ಬಿಡುವುದಿಲ್ಲ. ಮನೆ ಕುಸಿಯುತ್ತದೆ."

"ಕಲ್ಲಿಗೂ ಕಾಲುವೆಗೂ ಮಧ್ಯೆ ಜಾಗ ಬಿಟ್ಟಿದೀನಿ."

"ಸಾಲದು."

"ಸಾಕು."

ಹೀಗೆ ಇಬ್ಬರೂ ಒಬ್ಬರ ಮೇಲೊಬ್ಬರು ಹಟ ಹಿಡಿದು ಜಗಳವಾಡಿದರು. ಅವರು ಪೆನ್ಸಿಲ್ ತೆಗೆದು ನಕ್ಷೆಯ ಮೇಲೆ ಕಾಟು ಹಾಕಿದರು, ಅವಳು ಅದೇ ಪೆನ್ಸಿಲ್ ಕಿತ್ತುಕೊಂಡು ಬೇರೆ ಗೆರೆ ಎಳೆದಳು. ಲೀಲಾಳ ಕೆನ್ನೆ ಕೆಂಪಾಗಿತ್ತು. ಸಿಟ್ಟು ಇಳಿದಿರಲಿಲ್ಲ, ಆದರೆ ಅದರ ಜಾತಿ ಬೇರೆಯಾಗಿತ್ತು. ಬೆಂಗಳೂರಿನ ಆಫೀಸಿನಲ್ಲಿ ಫ್ಯಾಕ್ಟರಿಯವರೊಡನೆ ಮೇಜು ಗುದ್ದಿ ವಾದಿಸುವಾಗ ಬರುತ್ತಿದ್ದ ಸಿಟ್ಟು ಇದು. ಇಷ್ಟು ವರ್ಷ ಈ ದೇಶದಲ್ಲಿ ಎಲ್ಲರೂ ಅವಳಿಗೆ ತಲೆಬಾಗಿಸಿದ್ದರು, ಹಾಯ್ ಅಂದಿದ್ದರು, ಜಪಾನಿ ಎಷ್ಟು ಚೆನ್ನಾಗಿ ಮಾತಾಡುತ್ತೀರಿ ಎಂದು ಮುಗುಳ್ನಕ್ಕಿದ್ದರು. ಯಾರೂ ಅವಳ ಮಾತನ್ನು ಅಲ್ಲಗಳೆಯುವಷ್ಟು ಲಕ್ಷ್ಯಕ್ಕೆ ತೆಗೆದುಕೊಂಡಿರಲಿಲ್ಲ.

ಕಾಗದದ ಮೇಲೆ ಇದು ಬಗೆಹರಿಯುವುದಿಲ್ಲ ಎಂದು ಸುಗಿಯುರಾ-ಸಾನ್ ಎದ್ದರು. ತಲೆಗೆ ದೀಪ ಕಟ್ಟಿಕೊಂಡು, ಜಗುಲಿಯ ಕೆಳಗಿನ ಹಲಗೆ ಸರಿಸಿ, ನೆಲದಡಿಗೆ ತೆವಳಿ ಮಾಯವಾದರು. ಒಳಗಿಂದ ಅಳತೆ ಟೇಪು ಎಳೆಯುವ ಸದ್ದು, ಕಲ್ಲು ತಟ್ಟುವ ಸದ್ದು ಬಂತು. ಗಂಡ ಹೆಂಡತಿ ಹೊರಗೆ ನಿಂತಿದ್ದರು.

"ಸಾರಿ ಕಣೆ," ಎಂದ ಬಾಲಸುಬ್ರಹ್ಮಣ್ಯ. "ಇಷ್ಟು ದೊಡ್ಡದಾಗುತ್ತೆ ಅಂದ್ಕೊಂಡಿರ್ಲಿಲ್ಲ."

"ದೊಡ್ಡದಾಗಿದ್ದಲ್ಲ ರೀ. ದೊಡ್ಡದೇ ಇತ್ತು. ನಿಮಗೆ ಕಾಣ್ಲಿಲ್ಲ. ಗೋಡೆ ತೂತು ಮುಚ್ಚೋಕೆ ಮಣ್ಣು ಕಲಸಬೇಕಂತೆ, ಹುಲ್ಲು ಹಾಕಿ ಕಾಲಲ್ಲಿ ತುಳೀಬೇಕಂತೆ. ಅದನ್ನ ನೀವು ಮಾಡಿ."

"ಮಾಡ್ತೀನಿ."

"ಚಳಿ ಇದೆ ಅಂತ ಬೂಟು ಹಾಕ್ಕೋಬೇಡಿ."

ಅಷ್ಟರಲ್ಲಿ ನೆಲದಡಿಯಿಂದ ಸುಗಿಯುರಾ-ಸಾನ್ ಗಟ್ಟಿಯಾಗಿ ಕರೆದರು. "ಬಾಲಾ-ಸಾನ್, ಸ್ವಲ್ಪ ಬನ್ನಿ."

ಬಾಲಸುಬ್ರಹ್ಮಣ್ಯ ಅಭ್ಯಾಸಬಲದಿಂದ ಹಾಯ್ ಎಂದು ಮೊಣಕಾಲೂರಿ, ಸಂದಿಯೊಳಗೆ ತಲೆ ಹಾಕಿದ. ಒಳಗಿನ ದೀಪದ ಬೆಳಕು ಅವನ ಮುಖದ ಮೇಲೆ ಬಿತ್ತು, ಬಿದ್ದ ಹಾಗೇ ಪಕ್ಕಕ್ಕೆ ಸರಿಯಿತು.

"ನೀವಲ್ಲ," ಎಂದಿತು ಒಳಗಿನ ದನಿ. "ನಕ್ಷೆ ಬರೆದ ಬಾಲಾ-ಸಾನ್."

ಅವನು ಹಿಂದಕ್ಕೆ ಸರಿದು, ಮಣ್ಣಾದ ಮಂಡಿಯಲ್ಲೇ ಕೂತು, ಹೆಂಡತಿಗೆ ದಾರಿ ಬಿಟ್ಟ. ಲೀಲಾ ದುಪಟ್ಟಾವನ್ನು ಸೊಂಟಕ್ಕೆ ಬಿಗಿದು, ಬಗ್ಗಿ, ಕತ್ತಲೆಯೊಳಗೆ ಕೂಗಿ ಹೇಳಿದಳು.

"ಸುಗಿಯುರಾ-ಸಾನ್, ಬಾಲಾ ಅನ್ನೋದು ಇವರ ಹೆಸರು. ಇವರ ಹೆಸರು ಇವರ ಹತ್ರಾನೇ ಇರ್ಲಿ. ನನ್ನನ್ನ ಲೀಲಾ ಅನ್ನಿ."

ಒಳಗೆ ಅಳತೆ ಟೇಪು ಸರ್ರನೆ ಸುತ್ತಿಕೊಂಡಿತು. ಆಮೇಲೆ ಸುಗಿಯುರಾ-ಸಾನ್ ಇನ್ನೂ ಸಿಡಿಮಿಡಿಯ ದನಿಯಲ್ಲೇ ಕೇಳಿದರು. "ಹಾಗಾದರೆ ಲೀಲಾ-ಸಾನ್, ನೀರು ಯಾವ ಕಡೆಯಿಂದ ಬರಬೇಕು, ಬಂದು ತೋರಿಸಿ."

ಅವಳು ತೆವಳಿಕೊಂಡು ಒಳಗೆ ಹೋದಳು.